ಮೂರನೇ ಕ್ಲಾಸಿಗೆ ಓದು ಬಂದ ವರ್ಷ

ನಮ್ಮ ಊರಿನಲ್ಲಿ ಮಗು ಶಾಲೆಯಲ್ಲಿ ಏನನ್ನು ಕಲಿತರೂ ಅದು ಮನೆಯ ದೊಡ್ಡವರೊಬ್ಬರಿಂದ ಹೋಗುತ್ತದೆ. ಮಗನಿಗೆ ಮಗ್ಗಿ ಬಂದ ದಿನ ಅಪ್ಪನಿಗೆ ಮಗ್ಗಿ ಇಲ್ಲ. ಒಂದೇ ಸೂರಿನ ಕೆಳಗೆ ಮಲಗುವವರಲ್ಲಿ ಯಾರಲ್ಲಿ ಆ ವಿದ್ಯೆ ಹೆಚ್ಚಿದೆಯೋ ಅವರಿಂದ ಮೊದಲು ಹೋಗುತ್ತದೆ. ಇದೆಲ್ಲ ಯಾಕೆ, ಮನೆಯಲ್ಲೇ ಹೇಳಿಕೊಟ್ಟುಬಿಡೋಣ ಎಂದರೆ ಮಕ್ಕಳ ತಲೆಗೆ ಹತ್ತುವುದೇ ಇಲ್ಲ. ಶಾಲೆಯ ಗಂಟೆ ಹೊಡೆದ ಮೇಲೆಯೇ ಹತ್ತಬೇಕು, ಹತ್ತಿತೋ ಮನೆಯಿಂದ ಇಳಿಯಿತು.

ಹೊರಗಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಪಕ್ಕದ ಮನೆಯಾಕೆ ಬೆಳಗ್ಗೆ ಬಾಗಿಲಿಗೆ ಬಂದು, ಮಗ ಭಾಗಾಕಾರ ಕಲಿತ ಎಂದು ಕಡಲೆಪುರಿ ಹಂಚಿದರೆ, ಒಂದು ಹಿಡಿ ತೆಗೆದುಕೊಂಡು, "ಹೋದದ್ದು ಯಾರದು?" ಎಂದು ವಿಚಾರಿಸುವುದು ಮರ್ಯಾದೆ. "ನಮ್ಮ ಮಾವನದು" ಎಂದರೆ ಒಳ್ಳೆಯದಾಯಿತು ಎನ್ನಬೇಕು. "ನಂದೇ" ಎಂದರೆ ಇನ್ನೊಂದು ಹಿಡಿ ತೆಗೆದುಕೊಳ್ಳಬೇಕು. ಊರಾಚೆಯ ಹಾಸ್ಟೆಲ್ಲಿಗೆ ಒಮ್ಮೆ ಎರಡು ಡಿಗ್ರಿಯ ವಾರ್ಡನ್ ಒಬ್ಬರು ಬಂದರು. ಅಷ್ಟೊಂದು ಹುಡುಗರ ಜೊತೆ ಒಂದೇ ಸೂರಿನ ಕೆಳಗೆ ಮಲಗಿದ್ದೇ ತಪ್ಪಾಯಿತು. ಯುಗಾದಿಗೆ ಬಂದವರು ದಸರೆಯ ಹೊತ್ತಿಗೆ, ನನ್ನ ಹೆಸರಿನ ಪಕ್ಕ ಏನೋ ಬರೆದಿದೆಯಲ್ಲ, ಅದು ಏನು ಎಂದು ಹುಡುಗರನ್ನೇ ಕೇಳುತ್ತಿದ್ದರು. ಆ ಹುದ್ದೆ ಇವತ್ತಿಗೂ ಖಾಲಿ ಇದೆ.

ಉಳ್ಳವರಿಗೆ ಇದು ಸಮಸ್ಯೆಯೇ ಅಲ್ಲ. ಎಣ್ಣೆ ಗಿರಣಿಯ ಬಸವಪ್ರಭುಗಳು ಶ್ಯಾಮರಾಯರೆಂಬ ನಿವೃತ್ತ ಮೇಷ್ಟರನ್ನು ಮನೆಯಲ್ಲೇ ಇಟ್ಟುಕೊಂಡಿದ್ದಾರೆ. ಪಾಠ ಹೇಳಲು ಅಲ್ಲ, ಮಲಗಲು. ಊಟ, ತಿಂಡಿ, ವರ್ಷಕ್ಕೆ ಎರಡು ಪಂಚೆ. ಮೊದಲ ಮೊಮ್ಮಗ ಲೆಕ್ಕ ಕಲಿತ, ರಾಯರ ಲೆಕ್ಕ ಹೋಯಿತು. ಎರಡನೆಯವನು ಭೂಗೋಳ ಕಲಿತ ವಾರ ರಾಯರು ಬಚ್ಚಲುಮನೆಗೆ ದಾರಿ ಕೇಳಿದರು. ಈಗ ಅವರಲ್ಲಿ ಉಳಿದಿರುವುದು ಒಂದಿಷ್ಟು ಸಂಸ್ಕೃತ ಶ್ಲೋಕ ಮಾತ್ರ, ಅದನ್ನು ಯಾವ ಮೊಮ್ಮಗನೂ ಮುಟ್ಟುವುದಿಲ್ಲವಾದ್ದರಿಂದ ರಾಯರು ನಿಶ್ಚಿಂತೆಯಿಂದ ಇದ್ದಾರೆ. ಬಸವಪ್ರಭುಗಳು ಮಾತ್ರ ಮೊದಲು ಹೇಗಿದ್ದರೋ ಹಾಗೇ ಇದ್ದಾರೆ, ಒಂದಕ್ಷರ ಸವೆದಿಲ್ಲ.

ನಾನು ಶಿವನಂಜಪ್ಪ. ತಾಲ್ಲೂಕು ಕಚೇರಿಯ ಮುಂದೆ ಹೊಂಗೆಮರದ ನೆರಳಲ್ಲಿ ಮೇಜು ಹಾಕಿಕೊಂಡು ಅರ್ಜಿ ಬರೆಯುವವನು. ಊರವರು ರೈಟರು ಎನ್ನುತ್ತಾರೆ. ಓದು ಬರಹವನ್ನು ಮಕ್ಕಳಿಗೆ ಬಿಟ್ಟುಕೊಟ್ಟು, ಆ ಮಕ್ಕಳು ಕೆಲಸ, ಮದುವೆ ಎಂದು ಬೇರೆ ಸೂರು ಸೇರಿದ ಮೇಲೆ ಕೈಯಲ್ಲಿ ಕಾಗದ ಹಿಡಿದು ಅಲೆಯುವ ಅಪ್ಪ ಅಮ್ಮಂದಿರೇ ನನ್ನ ಗಿರಾಕಿಗಳು. ಒಬ್ಬರಿಗೆ ಅರ್ಜಿ, ಒಬ್ಬರಿಗೆ ಆಸ್ಪತ್ರೆ ಚೀಟಿ, ಇನ್ನೊಬ್ಬರಿಗೆ ಮಗಳು ಬರೆದ ಕಾಗದ. ಊರು ಮರೆತಷ್ಟೂ ನನ್ನ ಒಲೆ ಉರಿಯುತ್ತದೆ. ಹೆಂಡತಿ ತೀರಿಕೊಂಡಿದ್ದಾಳೆ. ಮನೆಯಲ್ಲಿ ನಾನು ಮತ್ತು ಮಗಳು ಚೆಲುವಿ, ಇಬ್ಬರೇ. ಆ ಸೂರಿನ ಕೆಳಗೆ ಇನ್ನೊಂದು ದೊಡ್ಡ ತಲೆ ಇಲ್ಲ. ಚೆಲುವಿ ಓದು ಕಲಿತ ದಿನ ಓದು ಹೋಗಬೇಕಾದದ್ದು ನನ್ನಿಂದಲೇ, ಅದರ ಜೊತೆಗೆ ನಮ್ಮಿಬ್ಬರ ಅನ್ನವೂ. ಅವಳು ಆಗ ಮೂರನೇ ಕ್ಲಾಸಿಗೆ ಬಂದಿದ್ದಳು.

ಯಾವ ಕ್ಲಾಸಿಗೆ ಏನು ಕಲಿಸಬೇಕೆಂದು ತೀರ್ಮಾನಿಸುವುದು ಶಾಲಾ ಮಂಡಳಿ. ವಾರ್ಡಿಗೊಬ್ಬರಂತೆ ಐದು ಜನ ಸದಸ್ಯರು, ಬಸವಪ್ರಭುಗಳು ಅಧ್ಯಕ್ಷರು. ಮಂಡಳಿಗೆ ನಿಲ್ಲಲು ಇರುವುದು ಒಂದೇ ಅರ್ಹತೆ, ಓದಲು ಬರಬೇಕು. ವರ್ಷಕ್ಕೊಮ್ಮೆ ಸದಸ್ಯರು ಊರ ಜನರ ಎದುರು ನಿಂತು ನಿಯಮಾವಳಿಯ ಒಂದು ಪುಟವನ್ನು ಗಟ್ಟಿಯಾಗಿ ಓದಿ ತೋರಿಸಬೇಕು. ನೋಡಲು ನ್ಯಾಯವಾದ ನಿಯಮವೇ. ಶಾಲೆಯ ವಿಷಯ ತೀರ್ಮಾನಿಸುವವರಿಗೆ ಓದಾದರೂ ಬೇಡವೇ? ಆದರೆ ನಮ್ಮ ಊರಿನಲ್ಲಿ ಓದು ಉಳಿದಿರುವುದು ಮಕ್ಕಳಿಲ್ಲದವರಲ್ಲಿ, ಮಕ್ಕಳಿಗೆ ಕೊಡದವರಲ್ಲಿ, ಇಲ್ಲವೇ ಮನೆಯಲ್ಲಿ ಶ್ಯಾಮರಾಯರಂಥವರನ್ನು ಸಾಕಿಕೊಂಡವರಲ್ಲಿ. ಹಾಗಾಗಿ ಕೊಟ್ಟವರೆಲ್ಲ ಸಭೆಯಲ್ಲಿ ಹಿಂದಿನ ಬೆಂಚಿಗೆ, ಇಟ್ಟುಕೊಂಡವರೆಲ್ಲ ಮುಂದಿನ ಕುರ್ಚಿಗೆ.

ಇಂಥ ಮಂಡಳಿಯನ್ನು ಓದಿನ ವಿರೋಧಿ ಎಂದು ಯಾರೂ ದೂರುವಂತಿರಲಿಲ್ಲ. ಓದನ್ನು ಅವರು ರದ್ದು ಮಾಡಲಿಲ್ಲ, ಬಡ್ತಿ ಕೊಟ್ಟರು. ಮೊದಲು ಎರಡನೇ ಕ್ಲಾಸಿನಲ್ಲಿದ್ದ ಓದನ್ನು ಮೂರಕ್ಕೆ ಏರಿಸಿದರು. ಆ ಮಕ್ಕಳು ಮೂರಕ್ಕೆ ಬರುವಷ್ಟರಲ್ಲಿ ಓದು ನಾಲ್ಕಕ್ಕೆ ಹೋಗಿತ್ತು, ನಾಲ್ಕಕ್ಕೆ ಬಂದರೆ ಐದಕ್ಕೆ. ಮಕ್ಕಳು ಬೆನ್ನು ಹತ್ತಿದ್ದರು, ಓದು ಒಂದು ಕ್ಲಾಸು ಮುಂದೆಯೇ ಓಡುತ್ತಿತ್ತು. ಆತುರ ಇದ್ದವರಿಗೆ ಸಂಜೆ ವಿಶೇಷ ತರಗತಿ ಇತ್ತು, ಮನೆಯಲ್ಲಿ ಮಲಗುವ ಮೇಷ್ಟರು ಇದ್ದರೆ ಮಾತ್ರ ಪ್ರವೇಶ. ಮಿಕ್ಕ ಮಕ್ಕಳಿಗೆ ಯಾರ ಮನೆಯಲ್ಲೂ ಇಲ್ಲದ ವಿಷಯಗಳನ್ನು ಆರಿಸಿ ಇಟ್ಟಿದ್ದರು. ಮನೆಯಲ್ಲಿ ಇಲ್ಲದ್ದು ಮಗುವಿಗೆ ಹತ್ತುವುದೂ ಇಲ್ಲ, ಯಾರಿಂದಲೂ ಇಳಿಯುವುದೂ ಇಲ್ಲ, ಎರಡು ಕಡೆಗೂ ಕ್ಷೇಮ. ಹಾಗಾಗಿ ಬೆಳಗ್ಗೆ ಹಿಮಪ್ರದೇಶದ ವ್ಯವಸಾಯ, ಊಟದ ಮೇಲೆ ಸಮಯಪಾಲನೆ, ಕೊನೆಯ ಪೀರಿಯಡ್ಡಿಗೆ ಸತ್ಯಸಂಧತೆ. ವರ್ಷಗಟ್ಟಲೆ ಕಲಿಸಿದರೂ ಊರಿನ ಒಬ್ಬ ಹಿರಿಯನಿಗೂ ಇದರಿಂದ ನಷ್ಟವಾದ ದೂರು ಬಂದಿಲ್ಲ.

ಆ ವರ್ಷ ನಮ್ಮ ವಾರ್ಡಿನ ಸದಸ್ಯರು ತೀರಿಕೊಂಡು ಜಾಗ ಖಾಲಿಯಾಯಿತು. ಉಳಿದ ನಾಲ್ವರಲ್ಲಿ ಬಸವಪ್ರಭುಗಳೂ ಇನ್ನೊಬ್ಬರೂ ಓದನ್ನು ಆರಕ್ಕೆ ಏರಿಸೋಣ ಎನ್ನುವವರು. ಇನ್ನಿಬ್ಬರು ಮಕ್ಕಳಿಲ್ಲದವರು, ಓದನ್ನು ಮೂರಕ್ಕೆ ಇಳಿಸೋಣ ಎನ್ನುವವರು. ಮಕ್ಕಳಿಲ್ಲದವರಿಗೆ ಶಿಕ್ಷಣದ ಮೇಲೆ ನಮ್ಮ ಊರಿನಲ್ಲಿ ಬಹಳ ಪ್ರೀತಿ. ಖಾಲಿ ಜಾಗಕ್ಕೆ ಜವಳಿ ಅಂಗಡಿಯ ಚಂದ್ರಮೌಳಿ ನಿಂತ. ಮದುವೆಯಾಗದ ಹುಡುಗ, ಮೂರನೇ ಕ್ಲಾಸಿಗೆ ಓದು ತರುತ್ತೇನೆ ಎಂದು ಮೈಕ್ ಕಟ್ಟಿಕೊಂಡು ಹೊರಟ. ಅವನು ಗೆದ್ದರೆ ಮೂರು ಕೈ ಆ ಕಡೆಗೆ, ಚೆಲುವಿಗೆ ಓದು, ನನಗೆ ಮಣ್ಣು. ಮಾರನೆಯ ಬೆಳಗ್ಗೆಯೇ ನಾಮಪತ್ರ ಬರೆದುಕೊಂಡು ಹೋದೆ. ನನ್ನ ಕೈಬರಹ ನೋಡಿ ಚುನಾವಣೆ ಗುಮಾಸ್ತನೇ ತಲೆದೂಗಿದ.

ಬಸವಪ್ರಭುಗಳು ಕರೆಸಿ ಬಾದಾಮಿ ಹಾಲು ಕೊಟ್ಟರು. "ಶಿವನಂಜಪ್ಪನವರೇ, ನಾವ್ಯಾರೂ ಓದು ಬೇಡ ಅನ್ನೋರಲ್ಲ. ಆದ್ಯತೆ ಅಂತ ಒಂದಿರುತ್ತಲ್ಲ. ಮೊದಲು ಮಕ್ಕಳಲ್ಲಿ ಒಳ್ಳೇ ಗುಣ ಬರಲಿ" ಎಂದರು. ಮೂಲೆಯಲ್ಲಿ ಕೂತಿದ್ದ ಶ್ಯಾಮರಾಯರು ಹೌದು ಹೌದು ಎಂದು ತಲೆಯಾಡಿಸಿದರು. ತಾವು ಯಾವುದಕ್ಕೆ ತಲೆಯಾಡಿಸುತ್ತಿದ್ದೇವೆಂದು ಅವರಿಗೆ ತಿಳಿದಿರಲಿಲ್ಲ.

ಪ್ರಚಾರಕ್ಕೆ ನಾನು ಮೈಕ್ ಇಟ್ಟುಕೊಳ್ಳಲಿಲ್ಲ. ಚೆಲುವಿಯ ಕೈಹಿಡಿದು ಮನೆಮನೆಗೆ ಹೋದೆ. ತಾಯಿ ಇಲ್ಲದ ಮಗುವನ್ನು ನೋಡಿದರೆ ಬಾಗಿಲು ತಾನಾಗಿ ತೆರೆಯುತ್ತದೆ, ಅಷ್ಟು ಬುದ್ಧಿ ನನಗಿತ್ತು. ಪ್ರತಿ ಬಾಗಿಲಲ್ಲೂ ಒಂದೇ ಮಾತು: "ನೋಡಿಯಮ್ಮ, ನನ್ನ ಓದು ಹೋದ್ರೆ ಈ ಮಗೂಗೆ ಅನ್ನ ಯಾರು ಹಾಕ್ತಾರೆ? ನಾವಿಬ್ರೂ ಉಪವಾಸವೇ. ನಿಮ್ಮ ಮನೇಲೂ ಯೋಚನೆ ಮಾಡಿ. ನಾಳೆ ಬಸ್ಸಿನ ಬೋರ್ಡು ಯಾರು ಓದ್ತಾರೆ? ಮಾತ್ರೆ ಚೀಟಿ ಯಾರು ಓದ್ತಾರೆ?" ಜನ ಒಳಗೆ ಹೋಗಿ ಮಾತ್ರೆ ಚೀಟಿ ತೆಗೆದು, ಇನ್ನೂ ಓದಲು ಬರುತ್ತದೆಯೇ ಎಂದು ಒಮ್ಮೆ ನೋಡಿಕೊಂಡು ಬರುತ್ತಿದ್ದರು. ಚೆಲುವಿ ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡು, ನಾನು ಉಪವಾಸ ಎಂದಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು. ಅದು ಪ್ರಚಾರಕ್ಕೆ ಇನ್ನೂ ಅನುಕೂಲವಾಯಿತು.

ನನ್ನನ್ನು ತಡೆದು ನಿಲ್ಲಿಸಿದವಳು ಹೊನ್ನಾಜಮ್ಮ ಒಬ್ಬಳೇ. ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ ಗಾಡಿ ಇಟ್ಟಿರುವಾಕೆ. ತನ್ನ ಓದನ್ನು ದೊಡ್ಡ ಮಗಳಿಗೆ ಕೊಟ್ಟಿದ್ದಳು, ಆ ಹುಡುಗಿ ನರ್ಸಾಗಿ ದೂರದ ಊರಿನಲ್ಲಿದ್ದಳು. ಕಿರಿಯವನು ಚೆಲುವಿಯ ಕ್ಲಾಸಿನಲ್ಲೇ ಇದ್ದ, ಅವನಿಗಾಗಿ ಕಂಡಕ್ಟರ್ ಗಂಡ ತನ್ನ ಓದನ್ನು ಬಿಟ್ಟುಕೊಡಲು ತಯಾರಾಗಿ ಕೂತಿದ್ದ.

"ನಮ್ಮೆಜಮಾನ್ರು ಟಿಕೀಟ್ನ ಬಣ್ಣದ ಮೇಲೆ ಗುರುತು ಹಿಡಿಯೋದ ಅಭ್ಯಾಸ ಮಾಡ್ಕೊಂಡವ್ರೆ ರೈಟ್ರೇ. ನೀವು ನೋಡುದ್ರೆ ಓದ ಮುಂದಕ್ ತಳ್ತೀನಿ ಅಂತ ಓಟ್ ಕೇಳ್ತಾ ಇದೀರ" ಎಂದಳು.

"ನನಗಿರೋದು ಅದೊಂದೇ ಅಲ್ವಾ ಹೊನ್ನಾಜಮ್ಮ?"

"ನಂಗೂ ಒಂದೇ ಇದ್ದದ್ದು. ಕೊಟ್ಟೆ. ಸತ್ತೋದ್ನಾ?" ಅವಳು ಇಡ್ಲಿ ತಟ್ಟೆಯ ಮೇಲಿನ ಬಟ್ಟೆಯನ್ನು ಬಿಡಿಸುತ್ತ ಹೇಳಿದಳು. "ನಾನೇ ನಿಂತ್ಕೋತಿದ್ದೆ ಕಣ್ರೀ. ಓದ್ ಬರಲ್ಲ ಅಂತ ನಿಲ್ಲಕ್ ಬಿಡಲ್ಲ. ಓದ್ ಕೊಟ್ಟಿದ್ದೇ ತಪ್ಪಾಗೋಯ್ತು."

ಚೆಲುವಿಗೆ ಎರಡು ಇಡ್ಲಿ ಕೊಡಿಸಿ ಮುಂದಿನ ಬೀದಿಗೆ ಹೋದೆ. ಆ ಬೀದಿಯಲ್ಲಿ ಎಲ್ಲರೂ ನನ್ನ ಕಡೆಯವರೇ ಇದ್ದರು.

ಗೆದ್ದೆ. ಚಂದ್ರಮೌಳಿಗೆ ಠೇವಣಿಯೂ ಉಳಿಯಲಿಲ್ಲ. ಗೆದ್ದವರನ್ನು ಶಾಲೆಯಲ್ಲಿ ಸನ್ಮಾನಿಸುವುದು ವಾಡಿಕೆ. ಹೊಸ ಸದಸ್ಯರ ಮಗಳು ಎಂದು ಚೆಲುವಿಗೇ ಸ್ವಾಗತ ಭಾಷಣ ಓದುವ ಕೆಲಸ ಕೊಟ್ಟಿದ್ದರು. ಅವಳು ವಾರದಿಂದ ಏನನ್ನೋ ಗೊಣಗಿಕೊಳ್ಳುತ್ತಿದ್ದುದು ಅದಕ್ಕೇ ಎಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ನನಗೆ ಶಾಲು ಹೊದಿಸಿ ಕೂರಿಸಿದರು. ಚೆಲುವಿ ಎರಡು ಜಡೆ ಹಾಕಿಕೊಂಡು ವೇದಿಕೆಗೆ ಬಂದು, ಕಾಗದವನ್ನು ಬಿಡಿಸಿ ಹಿಡಿದು, "ಮಾನ್ಯ ಅಧ್ಯಕ್ಷರೇ, ಸದಸ್ಯರೇ, ಪೂಜ್ಯ ಪೋಷಕರೇ" ಎಂದು ಶುರು ಮಾಡಿದಳು. ಧ್ವನಿ ಗಂಟೆಯ ಹಾಗಿತ್ತು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ತೆಗೆದುಕೊಂಡಳು, ನಡುವೆ ಒಮ್ಮೆ ಬೆರಳಿಗೆ ಎಂಜಲು ಹಚ್ಚಿ ಹಾಳೆಯನ್ನೂ ತಿರುವಿದಳು.

ಕಾಗದ ತಲೆಕೆಳಗಾಗಿತ್ತು. ಅದೂ ಭಾಷಣದ ಕಾಗದವಲ್ಲ, ಹೊಲಿಗೆ ಯಂತ್ರದ ಜಾಹೀರಾತು. ಮುಂದಿನ ಸಾಲಿನಿಂದ ಅದರ ದಪ್ಪ ಅಕ್ಷರಗಳು ನನಗೆ ಚೆನ್ನಾಗಿ ಕಾಣುತ್ತಿದ್ದವು. ಹಿಂದಿನ ಬೆಂಚಿನ ಅಪ್ಪ ಅಮ್ಮಂದಿರಿಗೆ ಅದು ತಿಳಿಯುವಂತಿರಲಿಲ್ಲ, ಅವರು ಕಣ್ಣರಳಿಸಿ ಕೂತಿದ್ದರು. ತಿಳಿಯುವವರು ಮುಂದಿನ ಕುರ್ಚಿಯಲ್ಲಿದ್ದರು, ಅವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ಬಸವಪ್ರಭುಗಳು ನನ್ನ ಕಡೆ ಬಗ್ಗಿ, "ನೋಡಿ, ಓದು ಇಲ್ಲದೇನೇ ಎಷ್ಟು ಚೆನ್ನಾಗಿ ಓದ್ತಾರೆ" ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಮನೆಗೆ ಬರುವಾಗ ಚೆಲುವಿ ಕುಣಿಯುತ್ತ ಬಂದಳು. "ಅಪ್ಪ, ನಾನು ಓದಿದ್ದು ಸರಿಯಿತ್ತಾ? ನಿನ್ ಥರಾನೇ ಓದಿದೆ ಅಲ್ವಾ?"

"ನನ್ ಥರಾನಾ?"

"ಹೂಂ. ಕಾಗದ ನೋಡ್ತಾ ನೋಡ್ತಾ ಮಾತಾಡೋದು."

ಅವಳ ಪಾಲಿಗೆ ನನ್ನ ಉದ್ಯೋಗ ಅಷ್ಟೇ. ಅಪ್ಪ ಕಾಗದ ನೋಡುತ್ತಾ ಮಾತಾಡುತ್ತಾನೆ, ಜನ ದುಡ್ಡು ಕೊಟ್ಟು ಹೋಗುತ್ತಾರೆ. ಅಕ್ಷರಗಳು ಕಾಗದದ ಮೇಲಿನ ಅಲಂಕಾರ, ಸೀರೆಗೆ ಅಂಚು ಇದ್ದ ಹಾಗೆ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಇಷ್ಟು ಚುರುಕಾದ ಹುಡುಗಿಯನ್ನು ಊರೆದುರು ಕುಣಿಸಿ, ನಾನೇ ಶಾಲು ಹೊದ್ದುಕೊಂಡು ನೋಡಿದ್ದೆ. ಆ ಶಾಲನ್ನು ಮನೆಗೆ ಬಂದವನೇ ಅಕ್ಕಿ ಮೂಟೆಯ ಕೆಳಗೆ ತುರುಕಿದೆ.

ಮುಂದಿನ ಸೋಮವಾರ ಆದ್ಯತೆಗಳ ಸಭೆ. ಮೊದಲ ಆದ್ಯತೆಯಾಗಿ ಸಾಲಿನಲ್ಲಿ ನಿಲ್ಲುವ ಅಭ್ಯಾಸ, ಎರಡನೆಯದಾಗಿ ಅತಿಥಿಗಳಿಗೆ ನಮಸ್ಕರಿಸುವ ಕ್ರಮ, ಎರಡಕ್ಕೂ ಎಲ್ಲರ ಒಪ್ಪಿಗೆ ಸಿಕ್ಕಿತು. ಆಮೇಲೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಓದಿನ ಮಹತ್ವವನ್ನು ಮನಗಂಡು ಅದನ್ನು ಆರನೇ ತರಗತಿಯ ಎತ್ತರಕ್ಕೆ ಏರಿಸಲಾಗಿದೆ ಎಂಬ ಠರಾವನ್ನು ಮಂಡಿಸಿದರು. ಎರಡು ಕೈ ಮೇಲೆ ಬಂದವು. ಮೂರನೇ ತರಗತಿಗೇ ಓದು ಎನ್ನುವವರು ಕೈ ಎತ್ತಿ ಎಂದಾಗ ಮಕ್ಕಳಿಲ್ಲದ ಇಬ್ಬರು ಎತ್ತಿದರು, ಅವರ ಜೊತೆಗೆ ನಾನೂ ಎತ್ತಿದೆ.

"ಶಿವನಂಜಪ್ಪನವರೇ, ನಿಮ್ಮ ಸರದಿ ಮೊದಲೇ ಹೋಯ್ತು. ನೀವೀಗ ಎತ್ತಬಾರದು" ಎಂದು ಬಸವಪ್ರಭುಗಳು ನನ್ನ ಕೈಯನ್ನು ಮೆಲ್ಲಗೆ ಇಳಿಸಲು ನೋಡಿದರು.

"ಗೊತ್ತಿದ್ದೇ ಎತ್ತಿದೀನಿ ಸ್ವಾಮಿ."

"ನಿಮ್ಮ ಕೈಯಾರೆ ನಿಮ್ಮ ಹೊಟ್ಟೆ ಮೇಲೆ ಹೊಡ್ಕೋತಿದೀರ. ಓಟು ಹಾಕಿದ ಜನಕ್ಕೆ ಏನು ಹೇಳ್ತೀರ?"

ನಾನು ಕೈಯನ್ನು ಇಳಿಸಲಿಲ್ಲ. ಆ ಕಡೆ ಎರಡು ಕೈ, ಈ ಕಡೆ ಮೂರು, ಓದು ಮೂರನೇ ಕ್ಲಾಸಿಗೆ ಇಳಿಯಿತು.

ಜನ ಬೈದರು, ನನಗೆ ಓಟು ಹಾಕಿದ ಬೀದಿಯಲ್ಲಿ ತಲೆ ಎತ್ತಿ ನಡೆಯುವ ಹಾಗಿರಲಿಲ್ಲ. ಆದರೆ ಮೂರನೇ ಕ್ಲಾಸಿನ ಮೀನಾಕ್ಷಿ ಟೀಚರು ಓದಿನ ಪಾಠ ಶುರು ಮಾಡಿದ ಮೇಲೆ ಬೈಗುಳ ತಾನಾಗಿ ಕಡಿಮೆಯಾಯಿತು. ಮಗುವಿನ ಬಾಯಿಂದ ಅಕ್ಷರ ಕೇಳಿದ ಮೇಲೆ ಬೈಯುವುದು ಕಷ್ಟ. ಬೀದಿಯಲ್ಲಿ ಒಬ್ಬೊಬ್ಬರಾಗಿ ಕಡಲೆಪುರಿ ಹಂಚತೊಡಗಿದರು. ಹೊನ್ನಾಜಮ್ಮನ ಗಂಡ ಒಂದು ಮಧ್ಯಾಹ್ನ ತಪ್ಪು ಬಸ್ಸು ಹತ್ತಿ ಸೀಟಿ ಊದಿ, ಇಳಿದು ಬಂದು, ತನ್ನ ಮಗ ಓದು ಕಲಿತ ಎಂದು ಪ್ರಯಾಣಿಕರಿಗೆಲ್ಲ ಪುರಿ ಕೊಟ್ಟ. ನಾನು ಪ್ರತಿ ದಿನ ಬೆಳಗ್ಗೆ ಎದ್ದು, ಉಸಿರು ಬಿಗಿಹಿಡಿದು ಪೇಪರು ಬಿಡಿಸುತ್ತಿದ್ದೆ. ಅಕ್ಷರಗಳೆಲ್ಲ ಇದ್ದ ಹಾಗೇ ಇರುತ್ತಿದ್ದವು. ಮೊದಲು ಹಾಯೆನಿಸಿತು. ಆಮೇಲೆ ಅವಮಾನ ಶುರುವಾಯಿತು.

"ಇನ್ನೂ ಓದ್ತಿದೀರಾ ರೈಟ್ರೇ?" ಎಂದು ಅರ್ಜಿ ಬರೆಸಲು ಬಂದವರೇ ಅನುಕಂಪ ತೋರಿಸಿದರು. "ಮಗೂಗೆ ನಿಧಾನಕ್ಕೆ ಹತ್ತುತ್ತೆ ಬಿಡಿ. ಎಲ್ಲಾ ಮಕ್ಕಳೂ ಒಂದೇ ಥರ ಇರಲ್ಲ." ನಾನು ಬರೆದ ಒಂದೊಂದು ಸಾಲೂ ನನ್ನ ಮಗಳು ದಡ್ಡಿ ಎಂದು ಊರಿಗೆ ಸಾರುತ್ತಿತ್ತು. ಬೇಕೆಂದೇ ತಪ್ಪು ಓದಿ, ಕಣ್ಣು ಉಜ್ಜಿಕೊಂಡು, ಓದು ಹೋಗುವ ಸೂಚನೆ ಇದೆ ಎಂದು ನಟಿಸಿದ್ದೂ ಉಂಟು. ಮೀನಾಕ್ಷಿ ಟೀಚರು ಒಂದು ದಿನ ಮೇಜಿನ ಹತ್ತಿರವೇ ಬಂದು, "ಚೆಲುವಿ ಬೋರ್ಡೇ ನೋಡಲ್ಲ. ಕಿಟಕಿ ಕಡೆ ತಿರುಗಿ ಕೂತಿರ್ತಾಳೆ. ನಾನು ಓದಿಸೋವಾಗ ಬಾಯಲ್ಲಿ ಏನೋ ಹಾಡು ಹೇಳ್ಕೋತಾ ಇರ್ತಾಳೆ, ನನ್ನ ಮಾತು ಕಿವಿಗೆ ಬೀಳಬಾರದು ಅನ್ನೋ ಹಾಗೆ" ಎಂದರು.

ಆಗ ಹೊಳೆಯಿತು. ಪಾಠ ಶುರುವಾದ ದಿನದಿಂದ ಅವಳು ಬೆಳಗ್ಗೆ ಎ‌ದ್ದವಳೇ ನನ್ನ ಎದುರು ಬಂದು ಕೂತು, "ಓದು ಅಪ್ಪ, ಒಂಚೂರು" ಎನ್ನುತ್ತಿದ್ದಳು. ಎರಡು ಸಾಲು ಓದಿದರೆ ಸಾಕು, ಸಮಾಧಾನವಾಗಿ ಹಲ್ಲುಜ್ಜಲು ಹೋಗುತ್ತಿದ್ದಳು. ನಾನು ಅದನ್ನು ಓದಿನ ಮೇಲಿನ ಆಸೆ ಎಂದುಕೊಂಡಿದ್ದೆ. ಎಂಥ ಅಪ್ಪ ನಾನು.

ಅವತ್ತು ಸಾಯಂಕಾಲ ಅವಳಿಗೆ ತಲೆ ಬಾಚುತ್ತಾ ಕೇಳಿದೆ. "ಯಾಕೆ ಪುಟ್ಟ ಕಲೀತಾ ಇಲ್ಲ?"

"ಕಲಿತ್ರೆ ನಾವು ಉಪವಾಸ. ನೀನೇ ಹೇಳಿದ್ಯಲ್ಲ, ಎಲ್ಲಾರ ಮನೇಲೂ."

"ಅದು ಎಲೆಕ್ಷನ್ ಮಾತು ಕಣೆ."

"ಸುಳ್ಳಾ?"

"ಹಾಗಲ್ಲ... ನಿಜಾನೂ ಅಲ್ಲ."

"ಮತ್ತೆ ಯಾಕ್ ಹೇಳ್ದೆ?"

"ಗೆಲ್ಲೋಕೆ."

ಅವಳಿಗೆ ನನ್ನ ಮೇಲೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. "ಗೆದ್ದಾಯ್ತಲ್ಲ. ಈಗ ಅನ್ನ ಎಲ್ಲಿಂದ ಬರುತ್ತೆ, ಅದನ್ನ ಹೇಳು" ಎಂದಳು. ಊರಿನ ಒಬ್ಬ ಮತದಾರನೂ ನನ್ನನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. ಬಾಯಿಮಾತಿನಲ್ಲಿ ಗೆದ್ದವನಿಗೆ ಬಾಯಿಮಾತಿನಲ್ಲಿ ಇವಳನ್ನು ಒಪ್ಪಿಸಲು ಆಗಲಿಲ್ಲ.

ಮಾರನೆಯ ದಿನ ಬೆಳಗಾಗುತ್ತಲೇ ಹೊನ್ನಾಜಮ್ಮನ ಗಾಡಿಯ ಮುಂದೆ ಹೋಗಿ ನಿಂತೆ. ಕೆಲಸ ಕೊಡುತ್ತೀಯಾ ಎಂದೆ. ಅವಳು ಸೌಟು ಹಿಡಿದುಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಚಟ್ನಿ ರುಬ್ಬಕ್ ಬರ್ತದಾ?"

"ಇಲ್ಲ."

"ತಟ್ಟೆ ತೊಳೀತೀರಾ?"

"ತೊಳೀತೀನಿ."

"ಬೇಡ ಬುಡಿ. ನಿಮ್ಮ ಗಂಟ್ಲು ಚೆನ್ನಾಗದೆ. ಓದ್ ಬೇಡ ಅಂತ ಊರ್ಗೆಲ್ಲ ಕೇಳೋ ಹಂಗೆ ಕೂಗುದ್ರಲ್ಲ, ಇಡ್ಲಿ ಬೇಕಾ ಅಂತ ಕೂಗಿ ನೋಡಾನ."

ಕೂಗಿದೆ. ಹೊರಟಿದ್ದ ಬಸ್ಸಿನಿಂದ ಜನ ಇಳಿದು ಬಂದರು. ಮೊದಲ ದಿನ ನಾಚಿಕೆಯಿಂದ ಕಿವಿ ಕಾದುಹೋದವು, ಕಚೇರಿಯ ಗುಮಾಸ್ತರು ನೋಡಿ ನಕ್ಕರು. ಮುಂದೆ ಅಭ್ಯಾಸವಾಯಿತು. ಬೆಳಗ್ಗೆ ಗಾಡಿ, ಮಧ್ಯಾಹ್ನ ಮೇಜು. ಹೊನ್ನಾಜಮ್ಮ ವಾರದ ಕೂಲಿಯನ್ನು ನನ್ನ ಕೈಗೆ ಕೊಡದೆ ಚೆಲುವಿಯ ಕೈಗೆ ಕೊಟ್ಟು, "ನೋಡವ್ವ, ನಿಮ್ಮಪ್ಪ ಕಾಗದ ನೋಡ್ದೇನೂ ಮಾತಾಡ್ತಾನೆ, ಅದ್ಕೂ ದುಡ್ ಬರ್ತದೆ" ಎಂದಳು. ಚೆಲುವಿ ಮೂರು ವಾರ ಕಾದು ನೋಡಿದಳು. ನನ್ನ ಮಗಳಲ್ಲವೇ, ಒಂದು ಸಲಕ್ಕೆ ನಂಬುವವಳಲ್ಲ.

ಆಮೇಲೊಂದು ದಿನ ಮೇಜಿನ ಮುಂದೆ ಒಬ್ಬ ಮುದುಕಿಗೆ ಪಿಂಚಣಿ ಅರ್ಜಿ ಬರೆಯುತ್ತಿದ್ದೆ. "ಇಂತೀ ತಮ್ಮ ವಿಧೇಯ" ಎಂದು ಬರೆದು, ಮುಂದಿನದಕ್ಕೆ ಪೆನ್ನು ಊರಿದರೆ ಕೈ ಏಳಲಿಲ್ಲ. ಮೇಲೆ ಬರೆದದ್ದನ್ನು ನೋಡಿದೆ. ಶಾಯಿ ಇನ್ನೂ ಹಸಿಯಾಗಿತ್ತು, ರಂಗೋಲಿ ಎಳೆಗಳ ಹಾಗೆ ಸುಂದರವಾಗಿತ್ತು. ಅದು ಏನೆಂದು ಮಾತ್ರ ಗೊತ್ತಾಗಲಿಲ್ಲ. ನಾನು ಅತ್ತೆ. ಸಂತೋಷಕ್ಕೆ ಎಂದು ಮುದುಕಿಗೆ ಹೇಳಿದೆ, ಅದು ಪೂರ್ತಿ ನಿಜವಲ್ಲ. ಚಿಕ್ಕಂದಿನಿಂದ ನನ್ನ ಜೊತೆಗಿದ್ದದ್ದು ಒಂದು ಮಾತೂ ಹೇಳದೆ ಎದ್ದು ಹೋದರೆ ಯಾರಿಗೆ ಅಳು ಬರುವುದಿಲ್ಲ? ಕಣ್ಣು ಒರೆಸಿಕೊಂಡು, ದಾರಿಯಲ್ಲಿ ಕಡಲೆಪುರಿ ಕಟ್ಟಿಸಿಕೊಂಡು ಮನೆಗೆ ಹೋದೆ. ಹಂಚುವಾಗ ಎಲ್ಲರೂ ಎರಡೆರಡು ಹಿಡಿ ತೆಗೆದುಕೊಂಡರು.

ಮಂಡಳಿಯ ವಾರ್ಷಿಕ ಸಭೆಗೆ ಊರೆಲ್ಲ ನೆರೆದಿತ್ತು. ಬಸವಪ್ರಭುಗಳು ನಿಯಮಾವಳಿಯ ಪುಟವನ್ನು ನಿರರ್ಗಳವಾಗಿ ಓದಿ ಕೂತರು. ಉಳಿದ ಮೂವರೂ ಓದಿದರು. ನನ್ನ ಕೈಗೆ ಕಾಗದ ಬಂತು. ಬೇಕಿದ್ದರೆ ನಾನು ಪಾರಾಗಬಹುದಿತ್ತು, ನಾಲ್ಕು ಸಲ ಕೇಳಿದ ಪುಟದ ಬಹುಪಾಲು ಬಾಯಿಗೆ ಬಂದಿತ್ತು, ಬಾರದ ಕಡೆ ಗೊಣಗಿದರಾಯಿತು, ಕಾಗದ ನೋಡುತ್ತಾ ಮಾತಾಡುವುದು ಎಷ್ಟರ ಕೆಲಸ. ಹಿಂದಿನ ಸಾಲಿನಲ್ಲಿ ಚೆಲುವಿ ಹೊನ್ನಾಜಮ್ಮನ ಪಕ್ಕ ಕೂತು ನನ್ನನ್ನೇ ನೋಡುತ್ತಿದ್ದಳು.

"ನನಗೆ ಓದೋಕೆ ಬರಲ್ಲ. ನನ್ನ ಮಗಳು ಕಲಿತಳು" ಎಂದೆ.

ಹಿಂದಿನ ಬೆಂಚುಗಳಲ್ಲಿ ಗುಜುಗುಜು ಎದ್ದಿತು. ಬಸವಪ್ರಭುಗಳು ಬಹಳ ದುಃಖದಿಂದ ನನ್ನ ಸದಸ್ಯತ್ವ ರದ್ದಾಗಿದೆ ಎಂದು ಸಾರಿದರು, ಅದೇ ದುಃಖದಲ್ಲಿ ಓದನ್ನು ಮುಂದಿನ ವರ್ಷದಿಂದ ಏಳನೇ ತರಗತಿಗೆ ಏರಿಸುವ ಠರಾವನ್ನು ಕೈಗೆತ್ತಿಕೊಂಡರು. ಅದಕ್ಕೆ ಐದು ಜನ ಇರಲೇಬೇಕು ಎಂದು ಕಾರ್ಯದರ್ಶಿ ಕಿವಿಯಲ್ಲಿ ಹೇಳಿದ. "ಹಾಗಾದ್ರೆ ಈಗಲೇ ತುಂಬಿಕೊಳ್ಳೋಣ" ಎಂದು ಅವರು ಹಿಂದಿನ ಬೆಂಚುಗಳ ಕಡೆ ನೋಡಿ, ನಗುತ್ತಾ ಕೇಳಿದರು. "ಆ ವಾರ್ಡಿನಲ್ಲಿ ಓದೋಕೆ ಬರೋರು ಯಾರಾದ್ರೂ ಇದೀರೇನಪ್ಪಾ?" ಚಂದ್ರಮೌಳಿ ಆ ದಿನ ಜವಳಿ ತರಲು ಪರಸ್ಥಳಕ್ಕೆ ಹೋಗಿದ್ದ. ಅದು ಅವರಿಗೆ ಗೊತ್ತಿತ್ತು.

ಚೆಲುವಿ ಕೈ ಎತ್ತಿದಳು. ಅವಳ ಪಕ್ಕದಲ್ಲಿ ಹೊನ್ನಾಜಮ್ಮನ ಮಗ ಎತ್ತಿದ. ಆಮೇಲೆ ಅಲ್ಲೊಂದು ಇಲ್ಲೊಂದು, ಅಪ್ಪ ಅಮ್ಮಂದಿರ ತೊಡೆಯ ಮೇಲಿಂದ, ಕಂಬದ ಹಿಂದಿನಿಂದ, ಮೂರನೇ ಕ್ಲಾಸು ಇಡೀ ಕೈ ಎತ್ತಿತು.

"ಮಕ್ಕಳು ಆಗಲ್ಲ. ವಯಸ್ಸು..." ಎಂದು ಬಸವಪ್ರಭುಗಳು ಕಾರ್ಯದರ್ಶಿಯ ಕಡೆ ತಿರುಗಿದರು. ಅವನು ನಿಯಮಾವಳಿಯನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಮಗುಚಿದ. "ವಯಸ್ಸಿನ ಮಾತೇ ಇಲ್ಲ ಸಾರ್. ಓದೋಕೆ ಬರಬೇಕು ಅಂತ ಮಾತ್ರ ಇದೆ."

"ಹಂಗಾದ್ರೆ ಓದಿಸ್ರಪ್ಪ!" ಎಂದು ಹೊನ್ನಾಜಮ್ಮ ಕೂಗಿದಳು. ಹಿಂದಿನ ಬೆಂಚುಗಳೆಲ್ಲ ಓದಿಸಿ, ಓದಿಸಿ ಎಂದು ಎದ್ದು ನಿಂತವು.

ನನ್ನ ಕೈಯಲ್ಲಿದ್ದ ಕಾಗದವನ್ನು ಚೆಲುವಿಗೆ ಕೊಟ್ಟೆ. ಅವಳು ಅದನ್ನು ಒಮ್ಮೆ ತಿರುಗಿಸಿ, ನೇರ ಮಾಡಿ ಹಿಡಿದುಕೊಂಡು ಓದತೊಡಗಿದಳು. ಸ್ವಾಗತ ಭಾಷಣದ ಆ ಗಂಟೆಯಂಥ ಧ್ವನಿ ಇರಲಿಲ್ಲ. ಒಂದೊಂದೇ ಅಕ್ಷರ, ನಡುವೆ ತೊದಲು, ಸಾಲಿನಿಂದ ಸಾಲಿಗೆ ಬೆರಳು. ಮೂರನೆಯ ಸಾಲಿನಲ್ಲಿ ಒಂದು ದೊಡ್ಡ ಒತ್ತಕ್ಷರದ ಹತ್ತಿರ ಬೆರಳು ನಿಂತುಬಿಟ್ಟಿತು. ಅವಳು ತಲೆ ಎತ್ತಿ ನನ್ನ ಕಡೆ ನೋಡಿದಳು. ನಾನು ಹೇಳಿಕೊಡಲು ಬಗ್ಗಿ, ಬಾಯಿ ತೆರೆದೆ. ಬಾಯಿಯಲ್ಲಿ ಏನೂ ಇರಲಿಲ್ಲ. ಅವಳು ನನ್ನ ತೆರೆದ ಬಾಯನ್ನು ಒಂದು ಕ್ಷಣ ನೋಡಿ, ಮತ್ತೆ ಕಾಗದಕ್ಕೆ ಬಗ್ಗಿ, ಆ ಅಕ್ಷರವನ್ನು ತಾನೇ ಬಿಡಿಸಿ ಓದಿಕೊಂಡು ಮುಂದಕ್ಕೆ ಹೋದಳು.